ಮೂಸದ ಗುಲಾಬಿ

ಟಣ್, ಟಣ್ ಎಂದು ಎರಡು ಸಲ ಸದ್ದಾಯಿತು. ನಡುಗೋಡೆಯ ಆಚೆ ಅನ್ನದಾನಮ್ಮ ಹಿತ್ತಾಳೆ ತಂಬಿಗೆಯ ಕಂಠವನ್ನು ಕಲ್ಲಿಗೆ ತಾಗಿಸುವ ಸದ್ದು ಅದು. ಸ್ನಾನ ಮಾಡಿದ ಮೇಲೆ ಲಿಂಗಪೂಜೆ ಮುಗಿಯುವ ತನಕ ಆಕೆ ಯಾರೊಂದಿಗೂ ಮಾತಾಡುವುದಿಲ್ಲ. ಹಾಗಾಗಿ ಹೂವು ಕೇಳುವ ಕೆಲಸವನ್ನು ತಂಬಿಗೆಗೆ ಬಿಟ್ಟಿದ್ದಳು.

ಸದ್ದು ಕೇಳುವ ಹೊತ್ತಿಗೆ ಈಚೆ ಹಿತ್ತಲಲ್ಲಿ ಕಮಾಲಸಾಬ ಗುಲಾಬಿ ಗಿಡದ ಮುಂದೆ ನಿಂತಿರುತ್ತಿದ್ದ. ಇವತ್ತಿನ ಹೂವು ಯಾವುದೆಂದು ಹಿಂದಿನ ಸಂಜೆಯೇ ಅವನು ನೋಡಿಟ್ಟಿರುತ್ತಿದ್ದ. ಹೊರಗಿನ ಎಸಳು ಸಡಿಲವಾಗಿ, ಒಳಗಿನವು ಇನ್ನೂ ಮುಷ್ಟಿ ಬಿಗಿದುಕೊಂಡಿರುವ ಮೊಗ್ಗು ಬೆಳಿಗ್ಗೆ ಅರ್ಧ ಬಿಚ್ಚಿಕೊಂಡು ಸಿಗುತ್ತದೆ. ಎಲೆ ಹೊರಗಡೆ ಮುಖ ಮಾಡಿರುವ ಗಿಣ್ಣು ಹುಡುಕಿ, ಅದರ ಮೇಲೆ ಓರೆಯಾಗಿ ಕತ್ತರಿಸಿ, ತೋಳನ್ನು ಉದ್ದಕ್ಕೆ ಚಾಚಿ, ಮುಖ ಪಕ್ಕಕ್ಕೆ ತಿರುಗಿಸಿಕೊಂಡು, ಗೋಡೆಯ ಮೇಲೆ ಆಕೆ ಹಾಸಿದ್ದ ಮುತ್ತುಗದ ಎಲೆಯಲ್ಲಿ ಹೂವನ್ನು ಇಡುತ್ತಿದ್ದ. ನೋಡುವವರಿಗೆ ಇವನು ಮುಳ್ಳಿಗೆ ಹೆದರಿದ್ದಾನೆ ಅನ್ನಿಸಬೇಕು. ಮುಳ್ಳಿನ ಹೆದರಿಕೆ ಅವನಿಗೆ ಯಾವತ್ತೂ ಇರಲಿಲ್ಲ.

ಹಗರಿಬೊಮ್ಮನಹಳ್ಳಿಯ ರೈಲ್ವೆ ಸ್ಟೇಷನ್ನಿನ ಕಡೆಯ ಆ ಓಣಿಯಲ್ಲಿ ಎರಡು ಮನೆಗಳಿಗೂ ಸೇರಿ ಒಂದೇ ನಡುಗೋಡೆ, ಎದೆಮಟ್ಟದ್ದು. ಕಮಾಲಸಾಬನ ಮೀಸೆ ಇನ್ನೂ ಕಪ್ಪಗಿದ್ದ ಕಾಲದಲ್ಲಿ ಅವನ ಹಿತ್ತಲಿನ ಗುಲಾಬಿ ಮೊದಲ ಸಲ ಹೂಬಿಟ್ಟಿತು. ಪಕ್ಕದ ಮನೆಯವರಿಗೆ ಕೊಡೋಣ ಎಂದು ಕಿತ್ತು, ಕಣ್ಣು ಮುಚ್ಚಿ ಎದೆ ತುಂಬ ಮೂಸಿ, ಆಮೇಲೆ ಗೋಡೆಯಾಚೆ ನೀಡಿದ್ದ. ಅನ್ನದಾನಮ್ಮ ಹೂವನ್ನು ತೆಗೆದುಕೊಂಡಳು, ಆದರೆ ಪೂಜೆಗೆ ಒಯ್ಯಲಿಲ್ಲ. ಪೂಜೆ ಮುಗಿದ ಮೇಲೆ ಗೋಡೆಯ ಹತ್ತಿರ ಬಂದು, ತಪ್ಪು ತಿಳಿಯಬೇಡ ಎಂದು ಮೊದಲೇ ಹೇಳಿ, "ಮೂಸಿದ ಹೂವು ಲಿಂಗಕ್ಕ ಬರಂಗಿಲ್ಲ ತಮ್ಮಾ. ಇದನ್ನ ನಾನು ಮುಡಕಂತೀನಿ. ನಾಳಿಗಿ ಮೂಸಲಾರದ್ದು ಕೊಡು" ಅಂದಳು.

ಕಮಾಲಸಾಬನಿಗೆ ಬೇಸರವಾಗಲಿಲ್ಲ. ದರ್ಗಾಕ್ಕೆ ಒಯ್ಯುವ ಹೂವನ್ನು ಅವನ ತಾಯಿಯೂ ಹಾಗೇ ಒಯ್ಯುತ್ತಿದ್ದಳು, ಬುಟ್ಟಿಯ ಮೇಲೆ ಒದ್ದೆ ಬಟ್ಟೆ ಮುಚ್ಚಿ, ಉಸಿರು ತಾಗದ ಹಾಗೆ. ಅಂದಿನಿಂದ ಅವನು ಆ ಗಿಡಕ್ಕೆ ಮುಖ ತಾಗಿಸಲಿಲ್ಲ. ಯಾವ ಹೂವು ಗೋಡೆ ದಾಟುತ್ತದೆ, ಯಾವುದು ಗುರುವಾರ ದರ್ಗಾಕ್ಕೆ ಹೋಗುತ್ತದೆ ಎಂದು ಮೊಗ್ಗಿನಲ್ಲೇ ಯಾರು ಹೇಳಬೇಕು? ಮನೆಯವರಿಗೂ ಮೂಸುವುದು ಬೇಡವೆಂದ. ಮಗ ಅಕೀಲ ಚಿಕ್ಕವನಿದ್ದಾಗ ಒಮ್ಮೆ ಗಿಡದಲ್ಲಿ ಮೂಗು ಇಟ್ಟು ಕೆನ್ನೆಗೆ ಏಟು ತಿಂದಿದ್ದ. ಗಾಳಿ ತಾನಾಗಿ ತಂದುಕೊಟ್ಟದ್ದಷ್ಟೇ ಆ ಮನೆಯವರ ಪಾಲಿನದು.

ಆ ಗುಲಾಬಿ ಮೈಲಾರದ ಕಡೆಯದು. ಹೊಳೆದಂಡೆಯ ಹೊಲವೊಂದರಲ್ಲಿ ಮೋಟರು ಸುಟ್ಟಿದೆಯೆಂದು ಕರೆದಾಗ, ಮೋಟರು ಕಟ್ಟುವ ಕಸುಬಿನ ಕಮಾಲಸಾಬ ಹೋಗಿದ್ದ. ಪಂಪಿನ ಮನೆಯ ಪಕ್ಕದಲ್ಲಿ ಯಾರೂ ನೋಡಿಕೊಳ್ಳದೆ ಬೆಳೆದಿದ್ದ ಗಿಡ. ಸುಟ್ಟ ವಾರ್ನಿಶ್ಶಿನ ಕಮಟನ್ನೂ ಸೀಳಿಕೊಂಡು ಅದರ ವಾಸನೆ ಬಂದಿತ್ತು. ಜೇನಿನಂಥದ್ದು, ಮಳೆ ಬಿದ್ದ ಎರೆಮಣ್ಣಿನಂಥದ್ದೂ ಒಂದಿಷ್ಟು. ಒಂದು ಕಡ್ಡಿ ಕತ್ತರಿಸಿ ಒದ್ದೆ ಬನಿಯನ್ನಿನಲ್ಲಿ ಸುತ್ತಿ ತಂದ. ಅದನ್ನು ಹಾಗೇ ನೆಟ್ಟರೆ ಇಲ್ಲಿಯ ಬೋರಿನ ಸವುಳು ನೀರಿಗೆ ತಡೆಯದೆಂದು, ಕಾಡುಗುಲಾಬಿಯ ಬುಡಕ್ಕೆ ಅದರ ಎಲೆಸಂದಿನ ಚಿಗುರುವ ಕಣ್ಣನ್ನು ಕಸಿ ಮಾಡಿದ. ತೊಗಟೆ ಸೀಳಿ, ಕಣ್ಣನ್ನು ಒಳಗೆ ಜಾರಿಸಿ, ಮೋಟರಿನ ಕಾಯಿಲ್ ಕಟ್ಟುವ ಹತ್ತಿಯ ಟೇಪಿನಿಂದ ಸುತ್ತಿದ. ತಾಮ್ರದ ತಂತಿಯನ್ನು ಒಂದೊಂದೇ ಸುತ್ತು ಕೂರಿಸಿ ಪಳಗಿದ ಬೆರಳು ಅದು. ಕಣ್ಣು ಚಿಗುರಿತು.

ಅದರ ಚಾಕರಿ ಅವನಿಗೆ ಯಾವತ್ತೂ ಭಾರವೆನಿಸಲಿಲ್ಲ. ಮಳೆಗಾಲ ಮುಗಿದ ಮೇಲೆ ಕೊಂಬೆಗಳನ್ನು ಮೊಳಕಾಲಿನೆತ್ತರಕ್ಕೆ ಕತ್ತರಿಸುತ್ತಿದ್ದ. ಬುಡ ಬಿಡಿಸಿ ಬೇರಿಗೆ ಸ್ವಲ್ಪ ಬಿಸಿಲು ಕಾಣಿಸಿ, ಕುರಿಗೊಬ್ಬರ ಹಾಕಿ ಮುಚ್ಚುತ್ತಿದ್ದ. ಎಲೆಗೆ ನೀರು ಹನಿಸದೆ ಬುಡಕ್ಕಷ್ಟೇ ಬಿಡುತ್ತಿದ್ದ. ಸೇಂಗಾ ಹಿಂಡಿಯನ್ನು ಕೊಡದಲ್ಲಿ ಕೊಳೆಹಾಕಿ, ತಿಳಿ ಮಾಡಿ ಎರೆಯುತ್ತಿದ್ದ. ಆ ಕೊಡದ ಮುಚ್ಚಳ ತೆಗೆದರೆ ಓಣಿಯೇ ಮೂಗು ಮುಚ್ಚಿಕೊಳ್ಳುತ್ತಿತ್ತು. ಈಚೆಗೆ ಅವನು ಅದನ್ನು ಬರಿಗೈಯಿಂದ ಕದಡುತ್ತ ಪಕ್ಕದವರೊಂದಿಗೆ ಹರಟುತ್ತ ನಿಲ್ಲುವುದನ್ನು ನೋಡಿ, ಸಾಬನಿಗೆ ಗುಲಾಬಿಯ ಮೋಹ ಹಿಂಡಿಯ ತನಕ ಇಳಿದಿದೆ ಎಂದು ಜನ ನಗುತ್ತಿದ್ದರು. ಅವನೂ ನಗುತ್ತಿದ್ದ.

ಮಾಗಿಯ ಚಳಿ ಹಿಡಿದಿದ್ದ ಒಂದು ಬೆಳಿಗ್ಗೆ ಅನ್ನದಾನಮ್ಮನ ಸೊಸೆ ಭಾಗ್ಯ ಗೋಡೆಯ ಹತ್ತಿರ ಬಂದಳು. ಹರಪನಹಳ್ಳಿಯ ಹುಡುಗಿ, ಮದುವೆಯಾಗಿ ಬಂದು ಒಂದು ವರ್ಷವೂ ಆಗಿರಲಿಲ್ಲ. ತವರಿನ ಕಡೆ ಯಾರದೋ ಸೀಮಂತವಿತ್ತು, ಮುಡಿಯಲು ಹೂವು ಬೇಕಿತ್ತು. ಪೂಜೆಯ ಹೂವು ಆಗಲೇ ಹೋಗಿಯಾಗಿದ್ದರಿಂದ ಕಮಾಲಸಾಬ ಧಾರಾಳವಾಗಿ ನಾಲ್ಕೈದು ಕತ್ತರಿಸಿ ಕೊಟ್ಟ. ಮುಡಿಯುವ ಹೂವಿಗೆ ಕಟ್ಟಳೆಯಿಲ್ಲ. ಆಕೆ ಅಲ್ಲೇ ಮೂಗಿಗೆ ಹಿಡಿದಳು. ಮತ್ತೆ ಹಿಡಿದಳು.

"ಬಣ್ಣ ಭಾರಿ ಚಂದ ಐತಿ ಕಾಕಾ. ಘಮಾನೇ ಇಲ್ಲ ನೋಡ್ರಿ."

ಹಾಗೆಂದು ಹೂವನ್ನು ಸೆರಗಿನಲ್ಲಿಟ್ಟುಕೊಂಡು ಒಳಗೆ ಹೋದಳು. ಆಕೆಗೆ ಅದು ದೊಡ್ಡ ಮಾತಾಗಿರಲಿಲ್ಲ.

ಕಮಾಲಸಾಬ ಹಾಗೇ ನಿಂತ. ಹೊಸ ಹುಡುಗಿ, ನೆಗಡಿಯಿರಬೇಕು ಅಂದುಕೊಂಡ. ಗಿಡದ ಕಡೆ ತಿರುಗಿ, ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕಳ್ಳನ ಹಾಗೆ ಬಾಗಿ, ಎಷ್ಟೋ ವರ್ಷಗಳ ಮೇಲೆ ಒಂದು ಹೂವಿನಲ್ಲಿ ಮುಖ ಇಟ್ಟ. ಎಸಳು ತಣ್ಣಗೆ ತುಟಿಗೆ ತಾಗಿತು. ಇಬ್ಬನಿ ಮೀಸೆಗೆ ಹತ್ತಿತು. ಮತ್ತೇನೂ ಬರಲಿಲ್ಲ.

ಪಕ್ಕದ ಮಲ್ಲಿಗೆಗೆ ಹೋದ. ಅಲ್ಲೂ ಇಲ್ಲ. ಕರಿಬೇವಿನ ಎಲೆ ತಿಕ್ಕಿ ಹಿಡಿದ, ಇಲ್ಲ. ಹಿಂಡಿಯ ಕೊಡದ ಮುಚ್ಚಳ ತೆಗೆದು ಬಗ್ಗಿದ. ಆಚೆ ಮನೆಯಲ್ಲಿ ಯಾರೋ ಕೆಮ್ಮಿ ಕಿಟಕಿ ಹಾಕಿಕೊಂಡರು. ಅವನ ಮೂಗಿಗೆ ಅದು ಬರೀ ನೀರಾಗಿತ್ತು. ಮುಚ್ಚಳ ಹಾಕಿ ನೀರಿನ ತೊಟ್ಟಿಯ ಅಂಚಿನ ಮೇಲೆ ಕುಳಿತ.

ಅಂಗಡಿಯಲ್ಲಿ ಒಂದು ಕಾಲಕ್ಕೆ ಅವನ ಮೂಗಿಗೇ ಹೆಸರಿತ್ತು. ಕೂಡ್ಲಿಗಿ, ಕೊಟ್ಟೂರಿನಿಂದ ರೈತರು ಮೋಟರು ಹೊತ್ತು ತಂದರೆ ಟರ್ಮಿನಲ್ ಡಬ್ಬಿ ಬಿಚ್ಚಿ ಒಂದು ಸಲ ಮೂಸಿ, ಒಂದೇ ಕಾಯಿಲ್ ಹೋಗಿದೆಯೋ ಪೂರ್ತಿ ಕಟ್ಟಬೇಕೋ ಹೇಳುತ್ತಿದ್ದ. ಈಗ ಅಂಗಡಿ ಅಕೀಲನ ಕೈಯಲ್ಲಿದೆ, ಅವನು ಮೀಟರು ಹಚ್ಚಿ ನೋಡುತ್ತಾನೆ. ಮೂಸುವ ಕೆಲಸ ಬಿದ್ದೇ ಇರಲಿಲ್ಲ. ಅಷ್ಟು ವರ್ಷ ಸುಟ್ಟ ತಂತಿಯ ಹೊಗೆ, ವಾರ್ನಿಶ್ಶಿನ ಹಬೆ ಕುಡಿದ ಮೂಗು ಯಾವಾಗ ಸೋತಿತೋ ಅವನಿಗೇ ತಿಳಿದಿರಲಿಲ್ಲ. ಗಿಡವನ್ನು ಮೂಸುವ ಅಭ್ಯಾಸವಿದ್ದಿದ್ದರೆ ಎಂದೋ ಒಂದು ಮುಂಜಾನೆ ತಿಳಿಯುತ್ತಿತ್ತು.

ಆದರೆ ಅವನ ಮೂಗು ಹೋದರೆ ಹೂವಿನ ಘಮ ಯಾಕೆ ಹೋಗಬೇಕು? ಭಾಗ್ಯಳ ಮೂಗು ಸರಿಯಾಗಿಯೇ ಇತ್ತು. ಈ ಪ್ರಶ್ನೆಯನ್ನು ಹಿಡಿದುಕೊಂಡು ಅವನು ಅಡುಗೆಮನೆಗೆ ಹೋಗಿ ಹೆಂಡತಿಯ ಮುಂದೆ ಕುಳಿತ. ಪೀರ್ ಬೀ ಮನೆಯಲ್ಲಿ ಆಡುವುದು ಉರ್ದು. ಸಿಟ್ಟು ಬಂದರೆ ಮಾತ್ರ ಓಣಿಯ ಕನ್ನಡಕ್ಕೆ ಹೊರಳುತ್ತಾಳೆ. ಮೂಗು ಹೋಗಿದೆ ಎಂದು ಅವನು ಹೇಳಿದಾಗ ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, ತನಗದು ಹಿಂದಿನ ರಂಜಾನಿನಲ್ಲೇ ಗೊತ್ತಾಯಿತು ಅಂದಳು. ಪಾತ್ರೆ ತಳ ಹತ್ತಿ ಮನೆಯೆಲ್ಲ ಕಮಟು ಎದ್ದಾಗ ಅವನು ಒಲೆಯ ಪಕ್ಕದಲ್ಲೇ ಕುಳಿತು ಚಹಾಕ್ಕೆ ಬೆಲ್ಲ ಸಾಲದು ಎನ್ನುತ್ತಿದ್ದನಂತೆ.

ಹೇಳಬೇಕಿತ್ತಲ್ಲ ಎಂದು ಅವನು ಗೊಣಗಿದ. ಹೇಳಿದರೆ ಮೂಗು ವಾಪಸು ಬರುತ್ತಿತ್ತೇ ಎಂದು ಆಕೆ ಕೇಳಿದಳು.

"ಹೂವಿನದೂ ಗೊತ್ತಿತ್ತೇನು ನಿನಗೆ?"

ಈಗ ಪೀರ್ ಬೀ ರೊಟ್ಟಿ ಬಿಟ್ಟು ಅವನ ಕಡೆ ತಿರುಗಿದಳು. ಕನ್ನಡ ಬಂತು.

"ಅದ್ಹೆಂಗ ಗೊತ್ತಾಗಬೇಕ್ರಿ ಅಕೀಲನ ಅಬ್ಬಾ? ಈ ಮನ್ಯಾಗ ಗುಲಾಬಿ ಮೂಸಾಕ ಯಾರಿಗೆ ಹುಕುಂ ಐತಿ?"

ಅವನು ಮತ್ತೆ ಹಿತ್ತಲಿಗೆ ಬಂದು ಗಿಡದ ಬುಡ ನೋಡುತ್ತ ಕುಳಿತ. ನೋಡುತ್ತ ನೋಡುತ್ತ, ಹೆಚ್ಚು ಮಳೆಯಾದ ವರ್ಷದ ನೆನಪು ಬಂತು. ಹಿತ್ತಲಲ್ಲಿ ನೀರು ನಿಂತು ಹಳೆಯ ಗಿಡ ತುದಿಯಿಂದ ಕಪ್ಪಾಗಿ ಒಣಗುತ್ತ ಇಳಿದಿತ್ತು. ಅದರ ಮಗ್ಗುಲಲ್ಲಿ ಇನ್ನೊಂದು ಗುಲಾಬಿ ಇತ್ತು. ಅಕೀಲ ಹಡಗಲಿಗೆ ಹೋದಾಗ ನರ್ಸರಿಯಿಂದ ತಂದದ್ದು, ಅದೇ ಬಣ್ಣ, ಎಸಳು ಇನ್ನೂ ದಟ್ಟ, ವಾಸನೆಯ ಹೆಸರಿಲ್ಲ. ಎರಡರ ಕೊಂಬೆಗಳೂ ಒಂದರೊಳಗೊಂದು ಹೆಣೆದುಕೊಂಡಿದ್ದವು. ಅದೂ ಕೊಳೆಯಿತು. ಕೆಸರಿನಿಂದ ಮೇಲೆದ್ದ ಆ ಮುಳ್ಳಿನ ಗೋಜಲಿನಲ್ಲಿ ಹಸಿರಾಗಿ ಉಳಿದದ್ದು ಒಂದೇ ಕೊಂಬೆ. ತನ್ನದೇ ಎಂದು ಅವನ ಮನಸ್ಸು ಕೂಡಲೇ ನಂಬಿತು. ನಂಬಲೇಬೇಕೆಂಬ ಆಸೆ ಇತ್ತು. ಅದರ ಕಣ್ಣು ತೆಗೆದು ಹೊಸ ಬುಡಕ್ಕೆ ಕಸಿ ಮಾಡಿದ.

ಆ ಕೊಂಬೆಯ ತುದಿಯಲ್ಲಿ ಅವತ್ತು ಒಂದು ಹೂವಿತ್ತು. ಅರ್ಧ ಬಿರಿದದ್ದು. ಅದು ಅವನಿಗೆ ಈಗ ಸ್ಪಷ್ಟವಾಗಿ ಕಾಣಿಸಿತು. ಯಾರೇ ಆದರೂ ಒಮ್ಮೆ ಮೂಗಿಗೆ ಹಿಡಿದು ನೋಡುತ್ತಿದ್ದರು. ಅವನು ಅದನ್ನು ತೋಳುದ್ದ ದೂರ ಹಿಡಿದು, ಮುಖ ತಿರುಗಿಸಿ, ಗೋಡೆಯ ಮೇಲಿನ ಎಲೆಯಲ್ಲಿ ಇಟ್ಟಿದ್ದ.

ಮರುದಿನ ತಂಬಿಗೆ ಸದ್ದು ಮಾಡಿದಾಗ ಹೂವೇನೋ ಕೊಟ್ಟ. ಕೊಡುವಾಗ ಆಕೆಯ ಕೈ ನೋಡಿದ. ಬಳೆ ಮೊಣಕೈಯ ತನಕ ಜಾರುವಷ್ಟು ಕೈ ಸಣ್ಣಗಾಗಿತ್ತು. ಅತ್ತೆ ರಾತ್ರಿಯ ಊಟ ಬಿಟ್ಟು ಬಹಳ ದಿನವಾಯಿತು, ಕೇಳಿದರೆ ಏನೋ ವ್ರತ ಎನ್ನುತ್ತಾರೆ ಎಂದು ಭಾಗ್ಯ ಪೀರ್ ಬೀಯ ಹತ್ತಿರ ಹೇಳಿಕೊಂಡದ್ದು ಅವನ ಕಿವಿಗೂ ಬಿದ್ದಿತ್ತು. ವಯಸ್ಸಾದವರ ವ್ರತ ಎಂದು ಅವನು ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ.

ಸುಮ್ಮನಿದ್ದರೆ ನಡೆಯುತ್ತಿತ್ತು. ಪೂಜೆಯ ಹೂವನ್ನು ಆಕೆ ಮೂಸುವುದಿಲ್ಲ, ಲಿಂಗ ದೂರು ಹೇಳುವುದಿಲ್ಲ. ಆದರೂ ಆ ಹೂವು ಅವನ ಬೆರಳಿಗೆ ಬೇರೆಯಾಗಿ ಹತ್ತತೊಡಗಿತು, ಬೇರೆಯವರ ಮೋಟರಿಗೆ ಕಡಿಮೆ ತಂತಿ ಸುತ್ತಿ ಕೊಟ್ಟ ಹಾಗೆ. ಪೂಜೆ ಮುಗಿಯುವುದನ್ನೇ ಕಾಯ್ದು, ಆಕೆ ಬಿಸಿಲಿಗೆ ಬಂದು ಕುಳಿತಾಗ, ಗೋಡೆಯ ಮೇಲೆ ಎರಡೂ ಮೊಣಕೈ ಊರಿ ಎಲ್ಲವನ್ನೂ ಹೇಳಿದ. ತನ್ನ ಮೂಗಿನ ಕಥೆ, ಮಳೆಯ ವರ್ಷ, ಹಸಿರು ಕೊಂಬೆ. ಹೇಳುವಾಗ ಆಕೆಯನ್ನು ನೋಡಲಿಲ್ಲ. ಎರಡು ವರ್ಷದಿಂದ ತಾನು ಕೊಡುತ್ತಿರುವುದು ಆ ಹೂವಲ್ಲ ಎಂದು ಮುಗಿಸಿದ.

ಅನ್ನದಾನಮ್ಮ ಸೆರಗಿನ ತುದಿಯಿಂದ ಬಾಯಿ ಒತ್ತಿಕೊಂಡಿದ್ದಳು. ಸಿಟ್ಟು ಬಂದಿದೆ ಎಂದು ಅವನು ಅಂದುಕೊಂಡ. ನೋಡಿದರೆ ಆಕೆಯ ಕಣ್ಣು ತುಂಬಿತ್ತು.

"ಮೊದಲೆಲ್ಲಾ ಪೂಜಿ ಮುಗದ ಮ್ಯಾಲೂ ಮಧ್ಯಾಹ್ನದ ತನಕ ದೇವರ ಕ್ವಾಣಿ ಘಮ್ಮಂತಿತ್ತು ತಮ್ಮಾ. ಬಾಗಲಾ ತಗದ್ರ ಎದುರಿಗೆ ಬಂದು ನಿಲ್ಲತಿತ್ತು. ಅದು ನಿಂತು ಹೋತು. ಹೂವು ದಿನಾ ಬರತೈತಿ, ಅದಾ ಬಣ್ಣ, ಅದಾ ಕೈ. ಮತ್ತ ತಪ್ಪು ಯಾರದಂತ ಅನ್ನಲಿ? ನನ್ನ ಭಕ್ತಿಯಾಗ ಕಮ್ಮಿ ಬಿದ್ದೈತಿ, ಅದಕ್ಕ ಅಂವ ವಾಸನಿ ಎಳಕೊಂಡಾನ ಅಂದ್ಕೊಂಡೆ."

ಹಾಗೆಂದು ತಿಳಿದು ರಾತ್ರಿಯ ಊಟ ಬಿಟ್ಟಿದ್ದಳು. ಪೂಜೆಯ ಹೊತ್ತನ್ನು ಹೆಚ್ಚಿಸಿದ್ದಳು. ಯಾರ ಮುಂದೆಯೂ ಹೇಳಿಕೊಂಡಿರಲಿಲ್ಲ, ಮಗನ ಮುಂದೆಯೂ ಇಲ್ಲ. ಹೇಳುವ ಮಾತೇ ಅದು ಎಂದು ಕೇಳಿದಳು. ಕಮಾಲಸಾಬ ಗೋಡೆಯ ಕಲ್ಲನ್ನು ಉಗುರಿನಿಂದ ಕೆರೆಯುತ್ತ ನಿಂತ. ಒಂದು ಕೊಂಬೆ ಗುರುತಿಸಲಾರದ್ದು ಇಷ್ಟು ದೂರ ಬಂದು ಒಬ್ಬಳ ಅನ್ನದ ತಟ್ಟೆಯನ್ನು ಮುಟ್ಟಿದೆ ಎಂದು ಅವನು ಎಣಿಸಿರಲಿಲ್ಲ.

ಈಗ ಊಟ ಮಾಡ್ರಿ ಅಕ್ಕಾರ ಎಂದು ಹೇಳಿದ. ಆಕೆ ತಲೆ ಅಲ್ಲಾಡಿಸಿದಳು. ಅವನು ಹೇಳಿದ್ದು ನಿಜವಿರಬಹುದು, ತನ್ನನ್ನು ಸಮಾಧಾನ ಮಾಡಲು ಕಟ್ಟಿ ಹೇಳಿದ್ದೂ ಇರಬಹುದು. ಆ ಗುಲಾಬಿ ಇನ್ನೊಮ್ಮೆ ಕೋಣೆಯಲ್ಲಿ ಘಮ್ಮೆಂದರೆ ನಂಬುತ್ತೇನೆ ಅಂದಳು. ಹಟದ ಮಾತಾಗಿರಲಿಲ್ಲ, ಅಂಜಿಕೆಯ ಮಾತಾಗಿತ್ತು.

ಹಳೆಯ ಗಿಡವೆಲ್ಲಿದೆ ಈಗ? ಮೈಲಾರದ ಆ ಹೊಲದಲ್ಲಿ ಪಂಪಿನ ಮನೆಯೇ ಉಳಿದಿಲ್ಲ. ಕೇಳಿದವರಿಗೆಲ್ಲ ಅವನು ಕಡ್ಡಿ ಕೊಟ್ಟಿದ್ದ, ಬೇಸಿಗೆಗೆ ಎಲ್ಲರದ್ದೂ ಒಣಗಿತ್ತು. ಇಟ್ಟಿಗಿ ಊರಿನ ಬಂಗಾರಪ್ಪನದೊಂದು ಮಾತ್ರ ಬದುಕಿದ ನೆನಪು. ಅವನ ಹೊಲದ ಮೋಟರಿಗೆ ವೈಂಡಿಂಗ್ ಮಾಡಿಕೊಟ್ಟಾಗ ಒಂದು ಕಸಿಯ ಗಿಡವನ್ನೂ ಕೊಟ್ಟಿದ್ದ. ಫೋನು ಮಾಡಿದರೆ ಬಂಗಾರಪ್ಪ, ಗುಲಾಬಿ ಎರಡು ಮೂರು ಅವೆ, ಸೊಸೆಯಂದಿರು ಒಬ್ಬೊಬ್ಬರು ಒಂದೊಂದು ಹಚ್ಚಿದ್ದಾರೆ, ನಿಮ್ಮದು ಯಾವುದೋ ಬಂದು ನೋಡಿಕೊಳ್ಳಿ ಎಂದ. ನೋಡಿದರೆ ಏನು ಬಂತು! ಕಣ್ಣು ಒಂದು ಸಲ ಮೋಸಹೋಗಿಯಾಗಿತ್ತು.

ಪೀರ್ ಬೀಗೆ ಮೊಣಕಾಲು ನೋವು, ಮೇಲಾಗಿ ತನಗೆ ಎಲ್ಲ ಗುಲಾಬಿಯೂ ಗುಲಾಬಿಯೇ ಎಂದಳು. ಆ ವಾಸನೆಯನ್ನು ಬಲ್ಲವಳು ಉಳಿದದ್ದು ಒಬ್ಬಳೇ. ಅನ್ನದಾನಮ್ಮ ಮೊದಲು ಒಪ್ಪಲಿಲ್ಲ. ತಾನು ಆ ಹೂವನ್ನು ಮೂಗಿಗೆ ಹಿಡಿದವಳೇ ಅಲ್ಲ, ಕೋಣೆಯೊಳಗೆ ಅದು ಹೇಗಿತ್ತು ಎಂಬುದಷ್ಟೇ ಗೊತ್ತು ಅಂದಳು. ಅಷ್ಟು ಸಾಕು ಎಂದು ಕಮಾಲಸಾಬ ಹೇಳಿದ, ಸಾಕೋ ಇಲ್ಲವೋ ಅವನಿಗೂ ಗೊತ್ತಿರಲಿಲ್ಲ.

ಬಸ್ಸಿನಲ್ಲಿ ಆಕೆಗೆ ಮುಂದಿನ ಸೀಟು ಸಿಕ್ಕಿತು. ಕಂಡಕ್ಟರ್ ಆಕೆಗೆ ಹೆಂಗಸರ ಪುಕ್ಕಟೆ ಟಿಕೆಟ್ ಹರಿದುಕೊಟ್ಟಾಗ ಅನ್ನದಾನಮ್ಮ ಹಿಂದೆ ತಿರುಗಿ, "ನೋಡು ತಮ್ಮಾ, ಮೂಗಿದ್ದವರಿಗೆ ಸರಕಾರನೂ ರೊಕ್ಕಾ ಕೇಳಂಗಿಲ್ಲ" ಅಂದಳು. ಬಹಳ ದಿನದ ಮೇಲೆ ಆಕೆ ನಗಾಡಿದ್ದನ್ನು ಅವನು ನೋಡಿದ. ಕಿಟಕಿಯಾಚೆ ಕಡಲೆಯ ಹೊಲಗಳು ಬೂದಿಬಣ್ಣದ ಇಬ್ಬನಿಯಲ್ಲಿ ಹಿಂದೆ ಸರಿದವು. ಜೇಬಿನಲ್ಲಿ ಕಸಿಯ ಚಾಕು ಇತ್ತು, ಕೈಚೀಲದಲ್ಲಿ ಒದ್ದೆ ಗೋಣಿಯ ತುಂಡು. ಗಿಡ ಸಿಕ್ಕರೆ ಕಣ್ಣನ್ನು ಇವತ್ತೇ ಒಯ್ದು ಮನೆಯ ಗಿಡದ ಎಳೆಯ ಕೊಂಬೆಗೆ ಕೂರಿಸಬೇಕು, ಚಳಿ ಕಳೆದರೆ ತೊಗಟೆ ಹಿಡಿಯುವುದಿಲ್ಲ.

ಬಂಗಾರಪ್ಪ ಹಿಗ್ಗಿನ ಮನುಷ್ಯ. ಅಂಗಳದಲ್ಲಿ ಮಂಚ ಹಾಕಿಸಿ, ಚಹಾ ತರಿಸಿ, ಗೋಡೆಯ ಸಾಲಿನಲ್ಲಿದ್ದ ಮೂರು ಗಿಡಗಳನ್ನು ತೋರಿಸಿದ. ಮೂರೂ ಹೂಬಿಟ್ಟಿದ್ದವು, ಮೂರರ ಬಣ್ಣವೂ ಒಂದರ ತಂಗಿ ಇನ್ನೊಂದು ಎಂಬಂತಿತ್ತು. ಕಮಾಲಸಾಬ ಬುಡ ನೋಡಿದ, ಎಲೆ ತಿರುಗಿಸಿದ, ಮುಳ್ಳಿನ ಬಾಗು ನೋಡಿದ. ನಡುವಿನದ್ದು ಅನ್ನಿಸಿತು. ಅನ್ನಿಸಿದ್ದನ್ನು ಹೇಳಲಿಲ್ಲ.

ಅನ್ನದಾನಮ್ಮ ಪ್ರತಿ ಗಿಡದಿಂದ ಒಂದು ಹೂವು ಕೀಳಿಸಿಕೊಂಡಳು. ಮೊದಲನೆಯದನ್ನು ಮೂಗಿನ ತನಕ ತಂದು, ಅರ್ಧಕ್ಕೇ ನಿಲ್ಲಿಸಿದಳು. ಅಷ್ಟು ವರ್ಷದ ಕೈ ಬಾಗಲಿಲ್ಲ. ಇದು ಪೂಜೆಯದಲ್ಲ ಎಂದು ತನಗೆ ತಾನೇ ಹೇಳಿಕೊಂಡು ಮೂಸಿದಳು. ಎರಡನೆಯದು, ಮೂರನೆಯದು. ಎರಡರಲ್ಲಿ ವಾಸನೆ ಇದೆ, ಒಂದರಲ್ಲಿ ಇಲ್ಲ ಅಂದಳು. ಆ ಎರಡರಲ್ಲಿ ಯಾವುದು ಎಂದು ತಿಳಿಯಲಿಲ್ಲ. ಮೂಗಿನ ಹತ್ತಿರ ಹಿಡಿದರೆ ಎಲ್ಲ ಗದ್ದಲವಾಗುತ್ತದೆ ಎಂದು ತಬ್ಬಿಬ್ಬಾಗಿ ಅವನನ್ನು ನೋಡಿದಳು. ಆಮೇಲೆ ಬಂಗಾರಪ್ಪನ ಸೊಸೆಯನ್ನು ಕರೆದು, ಮನೆಯಲ್ಲಿ ಬಾಗಿಲು ಹಾಕುವಂಥ ಸಣ್ಣ ಕೋಣೆ ಇದೆಯೇ ಎಂದು ಕೇಳಿದಳು. ಕಾಳಿನ ಕೋಣೆ ಇತ್ತು. ವಾಸನೆಯಿದ್ದ ಎರಡರಲ್ಲಿ ಮೊದಲು ನಡುವಿನ ಗಿಡದ ಹೂವೊಂದನ್ನು ತಟ್ಟೆಯಲ್ಲಿಟ್ಟುಕೊಂಡು ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು.

ಹೊರಗೆ ಬಂಗಾರಪ್ಪನ ಮಾತು ಮೋಟರಿಗೆ ಬಂದಿತ್ತು. ಕಮಾಲಸಾಬನ ಕೈಯಿಂದ ಕಟ್ಟಿಸಿದ್ದು ಹತ್ತಾರು ವರ್ಷ ತಿರುಗಿತು, ಆಮೇಲೆ ಬೇರೆಯವರು ಕಟ್ಟಿದ್ದು ಎರಡು ಬೆಳೆ ಕಾಣಲಿಲ್ಲ. ಅದಕ್ಕೆ ಕಾರಣ ವೋಲ್ಟೇಜೋ ತಂತಿಯೋ ಎಂದು ಅವನು ವಾದ ಹೂಡಿದ್ದ. ಕಮಾಲಸಾಬ ಹೂಂ ಎನ್ನುತ್ತಿದ್ದ. ಅವನ ಕಣ್ಣೆಲ್ಲ ಆ ಬಾಗಿಲ ಮೇಲಿತ್ತು. ಚಹಾ ಆರಿತು. ಕೋಳಿಯೊಂದು ಹೊಸ್ತಿಲ ತನಕ ಹೋಗಿ ಹಿಂದೆ ಬಂತು. ಒಳಗಿನಿಂದ ಸದ್ದಿಲ್ಲ. ವಾಸನೆ ಕೋಣೆಯ ತುಂಬ ಹರಡಲು ಹೂವಿಗೂ ಸಮಯ ಬೇಕು ಎಂದು ಅವನು ತನಗೆ ತಾನೇ ಹೇಳಿಕೊಂಡ. ಬಂಗಾರಪ್ಪ ಬೇರಿಂಗಿನ ವಿಷಯಕ್ಕೆ ಹೋದ.

ಬಾಗಿಲು ತೆರೆಯಿತು. ಅನ್ನದಾನಮ್ಮ ಹೊಸ್ತಿಲಲ್ಲಿ ನಿಂತಳು. ಕೈಯಲ್ಲಿ ತಟ್ಟೆಯಿರಲಿಲ್ಲ, ಅದನ್ನು ಒಳಗೇ ಬಿಟ್ಟುಬಂದಿದ್ದಳು. ಒಮ್ಮೆ ಹಿಂದಕ್ಕೆ ತಿರುಗಿ ಕತ್ತಲೆಯ ಕೋಣೆಯನ್ನು ನೋಡಿ, ಮತ್ತೆ ಅವನ ಕಡೆ ತಿರುಗಿದಳು.

"ಅದಾ ಐತಿ ತಮ್ಮಾ," ಅಂದಳು. "ಹಂಗಾ ಐತಿ. ಎದುರಿಗೆ ಬಂದು ನಿಂತೈತಿ."

"ಅಲ್ರೀ ಸಾಬ್ರ," ಬಂಗಾರಪ್ಪ ಇನ್ನೂ ಬಿಟ್ಟಿರಲಿಲ್ಲ, "ನೀವಾ ಹೇಳ್ರಿ, ತಂತಿ ಗೇಜು ಸಣ್ಣದಿದ್ರ ಕಾಯಿಲ್ ಕಾಯಂಗಿಲ್ಲೇನು? ನಾ ಅಂವಗ ಮೊದ್ಲಾ ಅಂದಿದ್ದೆ, ಕಮಾಲಸಾಬ್ರು ಹಾಕಿದ್ದ ಗೇಜಾ ಹಾಕಪಾ ಅಂತ. ಅದಕ್ಕಂವ ಏನಂದ ಗೊತ್ತೇನು..."

ಕಮಾಲಸಾಬ ಎದ್ದಿದ್ದ. ಜೇಬಿನಿಂದ ಚಾಕು ತೆಗೆದು, ಅದರ ಅಲಗನ್ನು ಅಂಗಿಯ ಚುಂಗಿಗೆ ಒರೆಸಿಕೊಳ್ಳುತ್ತ, ನಡುವಿನ ಗಿಡದ ಕಡೆಗೆ ನಡೆದುಬಿಟ್ಟ.